ತಾಮ್ರದ ಮೊಳೆ, ಆರು ಕಡ್ಡಿ

ಗಾಳದ ರಾಟೆಯ ಮೇಲೆ ಹೆಸರು ಕೊರೆಯುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಮಾಡಿದವನ ಹೆಸರೂ ಇಲ್ಲ, ಕೊಂಡವನ ಹೆಸರೂ ಇಲ್ಲ. ಹೆಸರು ಹಾಕಿದರೆ ಮೀನು ಹೆಸರಿನವನಿಗೆ ಹೋಗುತ್ತದೆ, ದಾರ ಹಿಡಿದು ಕೂತವನಿಗಲ್ಲ ಎಂದು ದೋಣಿಯವರು ನಂಬಿದ್ದರು. ನನ್ನ ಅಪ್ಪಯ್ಯ ನಂಬಿದ್ದರೋ ಇಲ್ಲವೋ ನಾನು ಕೇಳಿದವಳಲ್ಲ. ನಲವತ್ತು ವರ್ಷ ರಾಟೆ ಮಾಡಿ ಒಂದರ ಮೇಲೂ ಒಂದು ಅಕ್ಷರ ಹಾಕಲಿಲ್ಲ ಎನ್ನುವುದಷ್ಟೇ ನನಗೆ ಗೊತ್ತು.

ಈಗಿನವರು ನೋಡಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಅಂಗೈಗಿಂತ ದೊಡ್ಡದಾದ ಎರಡು ಮರದ ಬಿಲ್ಲೆ. ಅವೆರಡರ ನಡುವೆ ವೃತ್ತಾಕಾರವಾಗಿ ನಿಲ್ಲಿಸಿದ ಗಟ್ಟಿ ಕಡ್ಡಿಗಳು. ಮಧ್ಯದಲ್ಲಿ ಕಬ್ಬಿಣದ ಅಚ್ಚು, ಒಂದು ಪಕ್ಕಕ್ಕೆ ತಿರುಗಿಸಲು ಮರದ ಗುಬುಟು. ಕಡ್ಡಿಗಳ ಮೇಲೆ ನೈಲಾನ್ ದಾರ ಸುತ್ತಿಕೊಳ್ಳುತ್ತದೆ. ಬಲೆ ಬೀಸದೆ ಸಣ್ಣ ದೋಣಿಯಲ್ಲಿ ಒಬ್ಬನೋ ಇಬ್ಬರೋ ಹೋಗಿ, ನೀರಡಿಯ ಬಂಡೆ ಇರುವಲ್ಲಿ ಮುರು ಮೀನಿಗೆ ಗಾಳ ಇಳಿಸುವವರಿಗೆ ಇದೇ ಬೇಕು. ಮಳೆಗಾಲದಲ್ಲಿ ಕಡಲು ಬಂದ್ ಆದಾಗ ಮರವನ್ನು ತಿರುಗಿಸಿ ಕಡೆಯುವ ಅಪ್ಪಯ್ಯನ ಕಡಚಲ ಕೊಟ್ಟಿಗೆಯಲ್ಲಿ ರಾಟೆ ಕೆಲಸ. ಉಳಿದ ದಿನಗಳಲ್ಲಿ ಮಂಚದ ಕಾಲು, ತೊಟ್ಟಿಲ ಗುಂಡು, ಲಟ್ಟಣಿಗೆ.

ಚಿಕ್ಕಂದಿನಿಂದ ರಾಟೆಯ ಮೈ ಹೆರೆಯುವ ಕೆಲಸ ನನ್ನದು. ಅಪ್ಪಯ್ಯ ಮರಳು ಕಾಗದ ಮುಟ್ಟುತ್ತಿರಲಿಲ್ಲ. ಒಡೆದ ಬಾಟಲಿಯ ಚೂರಿನಿಂದ ಹೆರೆಯಬೇಕು, ಆಮೇಲೆ ಗೇರೆಣ್ಣೆ ಸವರಬೇಕು. ಗೇರೆಣ್ಣೆ ತಾಗಿದಲ್ಲಿ ಬೊಬ್ಬೆ ಏಳುತ್ತದೆ ಎಂದು ಅಮ್ಮ ನನ್ನ ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿ ಕಳಿಸುತ್ತಿದ್ದರು. ಹಾಗೆ ನೂರಾರು ರಾಟೆ ನನ್ನ ಕೈಮೇಲೆ ಹೋಗಿದ್ದಕ್ಕೆ ಕಣ್ಣು ಮುಚ್ಚಿ ಮುಟ್ಟಿದರೂ ನಮ್ಮದು ಯಾವುದು, ಬೇರೆಯವರದು ಯಾವುದು ಎಂದು ಹೇಳುವಷ್ಟು ಪಳಗಿದೆ. ಪಳಗಿದೆ ಎಂದು ತಿಳಿದುಕೊಂಡಿದ್ದೆ.

ಆಗ ಈ ಕಡಲ ಬದಿಯಲ್ಲಿ ರಾಟೆ ಮಾಡುವವರು ಮೂರೇ ಜನ. ಕುಂದಾಪುರದಲ್ಲಿ ಅಪ್ಪಯ್ಯ. ಬ್ರಹ್ಮಾವರದ ಹತ್ತಿರ ಹಂಗಾರಕಟ್ಟೆಯಲ್ಲಿ ಒಬ್ಬರು. ಅವರ ರಾಟೆಯ ಗುಬುಟು ಸಪೂರ, ಬಿಲ್ಲೆಯ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ. ಬೈಂದೂರಿನಲ್ಲಿ ಇನ್ನೊಬ್ಬರು; ಅವರು ಹಳೆಯ ಹಡಗು ಒಡೆದಾಗ ಸಿಕ್ಕ ತಾಮ್ರದ ಮೊಳೆಯನ್ನೇ ಹೊಡೆಯುವರು, ಐದೇ ಕಡ್ಡಿ ಹಾಕುವರು. ನಮ್ಮದಕ್ಕೆ ಮೊಳೆಯೇ ಇಲ್ಲ, ಬಿದಿರಿನ ಗೂಟ. ಕಡ್ಡಿ ಆರು. ದಾರದ ತುದಿ ಕಟ್ಟುವ ತೂತನ್ನು ಅಪ್ಪಯ್ಯ ಓರೆಯಾಗಿ ಕೊರೆಯುತ್ತಿದ್ದರು, ಗಂಟು ಉಜ್ಜಿ ಹರಿಯದಂತೆ. ಮುಂಬೈಗೆ ಹೋದವರು ತರುತ್ತಿದ್ದ ಲೋಹದ ರಾಟೆಗಳೂ ಇದ್ದವು, ಅವಕ್ಕೂ ಹೆಸರಿರಲಿಲ್ಲ. ಅವನ್ನು ಮಾಡಿದವರು ಯಾರೆಂದು ನಮಗೆ ಬೇಕಾಗಿಯೂ ಇರಲಿಲ್ಲ.

ಪ್ಲಾಸ್ಟಿಕ್ ರಾಟೆ ಬಂದ ಮೇಲೆ ಹೊಸದು ಕೇಳುವವರು ಕಡಿಮೆಯಾದರು, ಹಳೆಯದನ್ನು ಹಿಡಿದುಕೊಂಡು ಬರುವವರು ಹೆಚ್ಚಾದರು. ಮಾಡಿದವರೇ ರಿಪೇರಿ ಮಾಡಬೇಕು ಎಂಬ ರೂಢಿ ಇತ್ತಲ್ಲ, ಅದಕ್ಕೆ ಮೊದಲು ಯಾರು ಮಾಡಿದ್ದೆಂದು ಗೊತ್ತಾಗಬೇಕು. ಅಪ್ಪಯ್ಯನ ಕಣ್ಣು ಮಂಜಾದ ಮೇಲೆ ಅದನ್ನು ಹೇಳುವ ಕೆಲಸ ನನಗೆ ಬಂತು. ನನ್ನನ್ನು ಕೊಟ್ಟದ್ದು ತೆಕ್ಕಟ್ಟೆಗೆ; ಅಲ್ಲಿ ಅತ್ತೆ ತೀರಿಕೊಂಡ ಮೇಲೆ ನಾವು ಗಂಡ ಹೆಂಡತಿ ಕುಂದಾಪುರಕ್ಕೇ ಬಂದು ಅಪ್ಪಯ್ಯನ ಜೊತೆಗೇ ಇದ್ದೆವು. ನಾನು ಒಲೆಯ ಮೇಲಿನ ಸಾರು ಇಳಿಸಿ ಬಂದು, ಸೆರಗಿಗೆ ಕೈ ಒರೆಸಿ, ರಾಟೆಯನ್ನು ತಿರುಗಿಸಿ ನೋಡಿ, ಇದು ಹಂಗಾರಕಟ್ಟೆಯದು, ಅಲ್ಲಿಗೇ ಹೋಗಿ ಎನ್ನುತ್ತಿದ್ದೆ. ಜನ ನಂಬುತ್ತಿದ್ದರು. ನಂಬಿದಷ್ಟೂ ನನಗೆ ಒಳಗೊಳಗೇ ಖುಷಿ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಚೌತಿ ಕಳೆದ ಮೇಲಿನ ದಿನಗಳು. ಮಧ್ಯಾಹ್ನ ಊಟವಾಗಿ ಅಪ್ಪಯ್ಯ ಒಳಗೆ ಮಲಗಿದ್ದರು. ಉಪ್ಪುಂದದಿಂದ ಬಂದೆ ಎಂದು ಒಬ್ಬ ಹೆಂಗಸು ಅಂಗಳದಲ್ಲಿ ನಿಂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಕೈಚೀಲದಿಂದ ಹಳೆ ಲುಂಗಿಯಲ್ಲಿ ಸುತ್ತಿದ ಒಂದು ಗಂಟು ತೆಗೆದು ಜಗಲಿಯ ಮೇಲಿಟ್ಟಳು. ಬಟ್ಟೆಯನ್ನು ಹಿಡಿದಳೇ ಹೊರತು ಒಳಗಿನದನ್ನು ಮುಟ್ಟಲಿಲ್ಲ. ಗಾಳದ ರಾಟೆಯನ್ನು ಮನೆಯ ಹೆಂಗಸರು ಮುಟ್ಟಬಾರದು, ಮುಟ್ಟಿದರೆ ಗಾಳಕ್ಕೆ ಮೀನು ಬೀಳುವುದಿಲ್ಲ ಎನ್ನುವುದು ಅವರಲ್ಲಿ ಇತ್ತು. ಮಾಡುವವರ ಮನೆಯವಳಾದ ನನಗೆ ಆ ಕಟ್ಟು ಇರಲಿಲ್ಲ. ನಾನೇ ಬಿಚ್ಚಿದೆ.

ಕಡಲಲ್ಲಿ ವಾರಗಟ್ಟಲೆ ನೆನೆದು ಕಪ್ಪಾದ ರಾಟೆ. ಗುಬುಟು ಹೋಗಿತ್ತು. ಒಂದು ಬಿಲ್ಲೆಯ ಮೇಲೆ ಚಿಪ್ಪಿನ ಹುಳ ಕಚ್ಚಿಕೊಂಡಿತ್ತು. ದಾರ ಒಂದೆಳೆಯೂ ಇರಲಿಲ್ಲ.

ಅವಳು ಹೇಳಿದ್ದು ಇಷ್ಟು. ಗಂಡ ಒಬ್ಬನೇ ಸಣ್ಣ ದೋಣಿಯಲ್ಲಿ ಗಾಳಕ್ಕೆ ಹೋದವನು ಒಂದೂವರೆ ತಿಂಗಳಿನಿಂದ ಬಂದಿಲ್ಲ. ದೋಣಿಯೂ ಸಿಕ್ಕಿಲ್ಲ. ಹೋಗುವ ಮುಂಚಿನ ದಿನ ಮನೆಯಲ್ಲಿ ಜಗಳವಾಗಿತ್ತು, ಗೋವಾದ ಬೋಟಿಗೆ ಸೇರಿಕೊಳ್ಳುತ್ತೇನೆ ಎಂದು ಯಾರ ಹತ್ತಿರವೋ ಅಂದಿದ್ದನಂತೆ. ಹಾಗಾಗಿ ಊರಲ್ಲಿ ಎರಡು ಮಾತು. ಮುಳುಗಿದ ಎನ್ನುವವರು ಕೆಲವರು, ದೋಣಿಯನ್ನು ಎಲ್ಲೋ ಮಾರಿ ಗೋವಾಕ್ಕೆ ಹಾರಿದ ಎನ್ನುವವರು ಕೆಲವರು. ಈಗ ಈ ರಾಟೆ ಕಡಲ ಬದಿಗೆ ಬಂದು ಬಿದ್ದಿದೆ. ಗಂಡನ ರಾಟೆಯನ್ನು ಮಾಡಿನ ಸಂದಿಯಲ್ಲಿ ನೇತುಹಾಕಿದ್ದನ್ನು ದೂರದಿಂದ ಕಂಡಿದ್ದಾಳೆ ಹೊರತು ಗುರುತು ಹಿಡಿಯುವಷ್ಟು ನೋಡಿಲ್ಲ. ಗುರುತು ಹಿಡಿಯಬಹುದಾದ ಮೈದುನ ರತ್ನಾಗಿರಿಯ ಬೋಟಿನಲ್ಲಿದ್ದಾನೆ. ಅವಳಿಗೆ ಖಂಡಿತ ಗೊತ್ತಿರುವುದು ಒಂದೇ: ತನ್ನ ಮದುವೆಯಾದ ವರ್ಷ, ತೊಂಬತ್ತೇಳರ ಮಳೆಗಾಲದಲ್ಲಿ, ಗಂಡ ಅದನ್ನು ಕುಂದಾಪುರದ ನಮ್ಮ ಕೊಟ್ಟಿಗೆಯಿಂದಲೇ ತಂದದ್ದು.

“ನಿಮ್ಮಲ್ ಮಾಡಿದ್ದಾ ಅಲ್ದಾ ಕಾಣಿ. ಅಷ್ಟ್ ಹೇಳಿರೆ ಸಾಕ್,” ಎಂದಳು.

ನಾನು ತಿರುಗಿಸಿ ನೋಡಿದೆ. ಹಸಿರುಗಟ್ಟಿದ ತಾಮ್ರದ ಮೊಳೆ ಮೊದಲು ಕಂಡಿತು. ದಾರ ಕಟ್ಟುವ ತೂತು ನೆಟ್ಟಗಿತ್ತು. ಬೈಂದೂರಿನವರ ಕೈ, ಅನುಮಾನವೇ ಇಲ್ಲ. ಕಡ್ಡಿ ಮಾತ್ರ ಆರು ಇದ್ದವು. ಎಣಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಓ, ಅವರೂ ಆರು ಹಾಕಲಿಕ್ಕೆ ಶುರು ಮಾಡಿದರೋ ಏನೋ ಎಂದುಕೊಂಡೆ, ಅಷ್ಟಕ್ಕೇ ಬಿಟ್ಟೆ.

ಹಿರಿಯರಿಗೆ ಒಮ್ಮೆ ತೋರಿಸುವ ಎಂದು ಅವಳು ಕೇಳಿದಳು. ಹತ್ತು ಹೆಜ್ಜೆ ಆಚೆ ಅಪ್ಪಯ್ಯ ಮಲಗಿದ್ದರು. ಕಣ್ಣು ಮಂಜಾಗಿದ್ದರೂ ಬೆರಳು ಮಂಜಾಗಿರಲಿಲ್ಲ.

“ಬ್ಯಾಡ, ಈಗಷ್ಟೇ ಮಲ್ಗಿದ್ರ್. ನಂಗೇ ಗೊತ್ತಾತ್ತ್,” ಎಂದೆ. “ಇದ್ ನಮ್ದಲ್ಲ. ನಿಮ್ಮ್ ಬೈಂದೂರ್ ಬದಿದೇ.”

ಅವಳು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತಳು. ಅತ್ತಳೋ ನಕ್ಕಳೋ ಹೇಳಲಿಕ್ಕಾಗದು, ಎರಡೂ ಒಟ್ಟಿಗೇ. ಮಜ್ಜಿಗೆ ಕೊಟ್ಟೆ, ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಆಮೇಲೆ, ಹಾಗಾದರೆ ಇದು ಯಾರೋ ಸತ್ತವರದ್ದೇ ಆಯಿತಲ್ಲ, ಮನೆಯಲ್ಲಿ ಹೇಗೆ ಇಡುವುದು ಎಂದು ಹೆದರಿದಳು. ಕಡಲಿಗೇ ಬಿಟ್ಟುಬಿಡಿ ಎಂದು ನಾನೇ ಬುದ್ಧಿ ಹೇಳಿದೆ. ಹೋಗುವಾಗ ಬಸ್ಸಿನಿಂದ ಮರವಂತೆಯಲ್ಲಿ ಇಳಿದು, ರಸ್ತೆ ಬದಿಯ ಕಲ್ಲಿನ ಮೇಲೆ ನಿಂತು ಎಸೆದು, ಮುಂದಿನ ಬಸ್ಸಿಗೆ ಮನೆಗೆ ಹೋದಳಂತೆ. ಇದು ನನಗೆ ಗೊತ್ತಾದದ್ದು ತುಂಬಾ ವರ್ಷಗಳ ಮೇಲೆ.

ಆ ಸಂಜೆ ಕಾಫಿ ಕೊಡುವಾಗ ಅಪ್ಪಯ್ಯನಿಗೆ ವಿಷಯ ಹೇಳಿದೆ. ಉಪ್ಪುಂದದ ಹೆಂಗಸೊಂದು ಹೀಗೆ ಬಂದಿತ್ತು, ನಮ್ಮದಲ್ಲ ಅಂದೆ, ಸಮಾಧಾನವಾಗಿ ಹೋಯಿತು ಎಂದು. ಅವರು ಬಾಯಿಗೆತ್ತಿದ ಲೋಟವನ್ನು ಇಳಿಸಿದರು.

“ಕಡ್ಡಿ ಎಷ್ಟಿತ್ತ್?” ಎಂದು ಕೇಳಿದರು.

ಕಡ್ಡಿ ಎಷ್ಟಿದ್ದರೆ ಏನು, ಮೊಳೆ ತಾಮ್ರದ್ದಲ್ಲವಾ ಎಂದೆ ನಾನು, ಸ್ವಲ್ಪ ಗತ್ತಿನಲ್ಲೇ. ಅವರು ಕಾಫಿ ಅರ್ಧ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಜ್ವರ ಬರುತ್ತದೋ ಎಂದು ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು.

ಅವಳ ಸುದ್ದಿ ಆಮೇಲೆ ಆಗೊಮ್ಮೆ ಈಗೊಮ್ಮೆ ಮೀನು ಮಾರುವವರ ಬಾಯಲ್ಲಿ ಬರುತ್ತಿತ್ತು. ಅವಳೂ ಬುಟ್ಟಿ ಹೊತ್ತಿದ್ದಾಳೆ, ಕರಿಮಣಿ ತೆಗೆದಿಲ್ಲ, ಗೋವಾದಿಂದ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಾಳೆ ಎಂದು. ಅವಳ ಅತ್ತೆ ಊಟಕ್ಕೆ ಕೂತರೆ ಮಗನ ಪಾಲಿನ ಮೀನಿನ ಹೋಳನ್ನು ಬದಿಗೆ ತೆಗೆದಿಡುತ್ತಿದ್ದಳಂತೆ. ಆ ಮುದುಕಿ ಹಾಗೆ ತೆಗೆದಿಡುತ್ತಲೇ ತೀರಿಕೊಂಡಳು. ನಾನು ಆ ಗಂಡಸನ್ನು ಬೈದೆ. ಹೆಂಡತಿ, ಸಣ್ಣ ಮಗಳು, ಹೆತ್ತ ತಾಯಿ, ಎಲ್ಲರನ್ನೂ ಬಿಟ್ಟು ಹೋದವನು ಒಂದು ಕಾಗದ ಹಾಕಬಾರದಾ, ಅವನೆಂತ ಮನುಷ್ಯ ಎಂದು ಮೀನು ಕೊಯ್ಯುತ್ತಾ ಎಷ್ಟು ಸಲ ಅಂದಿದ್ದೇನೋ. ಸತ್ತವನನ್ನು ಬೈಯುತ್ತಿದ್ದೇನೆಂದು ನನಗೇನು ಗೊತ್ತು.

ಅಪ್ಪಯ್ಯ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬ್ರಹ್ಮಾವರದ ಒಬ್ಬ ಮೇಷ್ಟ್ರು ಹಳೆ ಕಾಲದ ಮೀನುಗಾರಿಕೆಯ ಸಾಮಾನು ಕೂಡಿಸಿಡುತ್ತಿದ್ದರು. ಅವರ ಹತ್ತಿರ ಇಪ್ಪತ್ತೆಂಟು ರಾಟೆ ಸೇರಿತ್ತು, ಯಾವುದಕ್ಕೂ ಹೆಸರಿಲ್ಲ. ಯಾವುದು ಯಾರ ಕೈಯದು ಎಂದು ಚೀಟಿ ಬರೆದು ಕಟ್ಟಿಕೊಡಲು ನನ್ನನ್ನು ಕೇಳಿದರು. ನಮ್ಮ ಕೊಟ್ಟಿಗೆಯಲ್ಲಿ ಮಾರದೆ ಉಳಿದಿದ್ದ ಎರಡು ಮೂರನ್ನೂ ಅದಕ್ಕೇ ಸೇರಿಸುವ ಎಂದು ಹುಡುಕಿದೆ. ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿದ ಒಂದು ಸಿಕ್ಕಿತು. ಹೊಸದರ ಹಾಗೇ ಇತ್ತು. ಆರು ಕಡ್ಡಿ, ತಾಮ್ರದ ಮೊಳೆ. ನಮ್ಮ ಅಟ್ಟಕ್ಕೆ ಇದು ಹೇಗೆ ಬಂತು ಎಂದು ಆಶ್ಚರ್ಯವಾಯಿತೇ ವಿನಾ ಆ ಹೆಂಗಸಿನ ನೆನಪಾಗಲಿಲ್ಲ.

ಬೈಂದೂರಿನಲ್ಲಿ ರಾಟೆ ಮಾಡುತ್ತಿದ್ದ ಅಜ್ಜ ಇನ್ನೂ ಇದ್ದರು. ಸಂಶಯ ಇದ್ದ ನಾಲ್ಕೈದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಹೋದೆ. ಮೊಮ್ಮಗಳು ಬೀಡಿ ಕಟ್ಟುತ್ತಿದ್ದ ಜಗಲಿಯಲ್ಲಿ ಅಜ್ಜ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕರು. ನನ್ನ ಸ್ಪರ್ಧಿಯ ಮಗಳು ಬಂದಳು, ಗುಟ್ಟು ಕದಿಯಲಿಕ್ಕೆ ಇರಬೇಕು, ಎಲೆ ಅಡಿಕೆ ಕುಟ್ಟುವ ಒರಳು ಅಡಗಿಸಿಡು ಎಂದು ಮೊಮ್ಮಗಳಿಗೆ ಹೇಳಿದರು. ಒಂದೊಂದೇ ರಾಟೆ ಕೈಗೆ ತೆಗೆದುಕೊಂಡು, ಇದು ನಂದು, ಇದು ಹಂಗಾರಕಟ್ಟೆಯವನ ಸೋಮಾರಿ ಕೆಲಸ ಎಂದು ತಮಾಷೆ ಮಾಡುತ್ತಾ ಇಟ್ಟರು. ಅಟ್ಟದ್ದನ್ನು ಕೊಟ್ಟಾಗ ಮಾತ್ರ ತುಂಬಾ ಹೊತ್ತು ಬೆರಳಾಡಿಸಿದರು.

“ಇದ್ ಇನ್ನೂ ಇಟ್ಕಂಡಿದ್ನಾ ನಿನ್ನಪ್ಪ? ಹೆಣ್ಣೇ, ಇದ್ ಅವ್ನ್ ಕೈ ಜಪ್ಪಿ ಹೋದ ವರ್ಷದ್ದ್.”

ತೊಂಬತ್ತೇಳರ ಮಳೆಗಾಲದಲ್ಲಿ ಅಪ್ಪಯ್ಯನ ಬಲಗೈ ಕಡಚಲ ಯಂತ್ರದ ಪಟ್ಟಿಗೆ ಸಿಕ್ಕಿತ್ತು. ನಾನು ಆಗ ತೆಕ್ಕಟ್ಟೆಯಲ್ಲಿ, ಸೊಂಟ ಮುರಿದು ಮಲಗಿದ ಅತ್ತೆಯ ಆರೈಕೆಯಲ್ಲಿ. ಅರ್ಧ ಗಂಟೆಯ ದಾರಿಯಾದರೂ ಆ ಇಡೀ ಮಳೆಗಾಲ ತವರಿಗೆ ಹೋಗಲಾಗಲಿಲ್ಲ. ಸಣ್ಣ ಗಾಯ ಎಂದು ಅಮ್ಮ ಹೇಳಿ ಕಳಿಸಿದ್ದರು. ಚೌತಿಗೆ ಹೋದಾಗ ಗಾಯ ಮಾಗಿತ್ತು, ಎರಡು ಬೆರಳು ಮಡಚುತ್ತಿರಲಿಲ್ಲ. ಆ ಮಳೆಗಾಲ ರಾಟೆ ಮಾಡಿದ್ದು ಹೇಗೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮಾಡಿರಲಿಲ್ಲ. ಒಪ್ಪಿಕೊಂಡ ಗಿರಾಕಿಗಳನ್ನು ಬಿಡಲಾಗದೆ ಅಪ್ಪಯ್ಯ ಬೈಂದೂರಿಗೆ ಬಂದು ಈ ಅಜ್ಜನ ಹತ್ತಿರ ಹನ್ನೆರಡು ರಾಟೆ ಮಾಡಿಸಿಕೊಂಡು ಹೋಗಿದ್ದರು. ಯಾರಿಗೂ ತಿಳಿಯಬಾರದು, ಮಗಳಿಗೂ ಹೇಳಬೇಡ ಎಂದು ಕೈ ಹಿಡಿದು ಕೇಳಿದ್ದರಂತೆ. ಗಿರಾಕಿಗೆ ಕುಂದಾಪುರದ್ದರ ಹಾಗೇ ಕಾಣಲಿ ಎಂದು ಅಜ್ಜ ಐದರ ಬದಲು ಆರು ಕಡ್ಡಿ ಹಾಕಿದರು. ಬಿದಿರು ಗೂಟ ತನ್ನ ಕೈಗೆ ಬಗ್ಗಲಿಲ್ಲ, ಮೊಳೆಯನ್ನೇ ಹೊಡೆದೆ ಎಂದರು. ಆ ಹನ್ನೆರಡು ಬಿಟ್ಟರೆ ಜೀವಮಾನದಲ್ಲಿ ಇನ್ನೊಂದು ಆರು ಕಡ್ಡಿಯದು ಮಾಡಿದ್ದಿದೆಯಾ ಎಂದು ಕೇಳಿದೆ. ಕೇಳುವಾಗ ಉಪ್ಪುಂದದವಳ ಗಂಟಿನಲ್ಲಿದ್ದ ಆರು ಕಡ್ಡಿ ನನ್ನ ಕಣ್ಣ ಮುಂದಿತ್ತು.

“ನಂಗೆಂತ ಮರ್ಲಾ?” ಎಂದು ಅಜ್ಜ ನಕ್ಕರು, ಆ ಹುಚ್ಚು ಅದೊಂದೇ ಸಲ ಎಂಬಂತೆ.

ವಾಪಸು ಬರುವಾಗ ಬಸ್ಸು ಉಪ್ಪುಂದದಲ್ಲಿ ನಿಂತಿತು. ಇಳಿಯುವವರು ಇಳಿದರು. ನಾನು ಇಳಿಯಲಿಲ್ಲ. ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡು ಕಿಟಕಿಯ ಕಂಬಿ ನೋಡುತ್ತಾ ಕೂತೆ. ಮನೆಗೆ ಬಂದು ಅಕ್ಕಿ ನೆನೆಹಾಕಿದೆ, ಬಟ್ಟೆ ಮಡಚಿದೆ. ನಾಲ್ಕು ದಿನ ಹಾಗೆಯೇ ಹೋಯಿತು. ಇಷ್ಟು ವರ್ಷವಾಯಿತು, ಈಗ ಹೇಳಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಾಗಲೆಲ್ಲ ಗೋಡೆಗೆ ತಿರುಗಿ ಮಲಗಿದ ಅಪ್ಪಯ್ಯನ ಬೆನ್ನು ಕಾಣುತ್ತಿತ್ತು. ಅವರಿಗೆ ಅಂದೇ ಗೊತ್ತಾಗಿತ್ತೋ, ಬರೀ ಸಂಶಯವೋ, ಈಗ ಯಾರನ್ನು ಕೇಳುವುದು. ಐದನೇ ದಿನ ಬೆಳಿಗ್ಗೆ ಹೊರಟೆ.

ಉಪ್ಪುಂದದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೋವಾ ವಿಚಾರಿಸುವವಳು ಎಂದರೆ ಎಲ್ಲರಿಗೂ ಗೊತ್ತು. ಅವಳು ಮೀನು ಮಾರಿ ಆಗಷ್ಟೇ ಬಂದು ಬುಟ್ಟಿ ತೊಳೆಯುತ್ತಿದ್ದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ನನ್ನ ಗುರುತು ಅವಳಿಗೆ ಕೂಡಲೇ ಸಿಕ್ಕಿತು. ರಾಟೆ ಅಕ್ಕ ಬಂದರು ಎಂದು ಮಗಳನ್ನು ಕರೆದು ನೀರು ಬೆಲ್ಲ ತರಲು ಹೇಳಿದಳು. ಅಂದು ನೀವು ಕೊಟ್ಟ ಮಜ್ಜಿಗೆ ಮರೆತಿಲ್ಲ ಎಂದಳು. ಅದನ್ನು ಕೇಳಿದ ಮೇಲೆ ನನಗೆ ಕೂರಲಿಕ್ಕಾಗಲಿಲ್ಲ.

ನಿಂತೇ ಹೇಳಿದೆ. ಅಪ್ಪಯ್ಯನ ಕೈ, ಬೈಂದೂರಿನ ಅಜ್ಜ, ಹನ್ನೆರಡು ರಾಟೆ, ಆರು ಕಡ್ಡಿ. ಎಣಿಸಿದ್ದೆ, ಆದರೂ ಅಲ್ಲ ಅಂದೆ ಎಂದೆ. ಹಿರಿಯರಿಗೆ ತೋರಿಸುವ ಎಂದು ನೀವು ಕೇಳಿದಿರಿ, ಬೇಡ ಎಂದವಳು ನಾನೇ ಎಂದೆ. ಆ ಸಂಜೆ ಅಪ್ಪಯ್ಯ ಕಡ್ಡಿಯ ಲೆಕ್ಕ ಕೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದಿಷ್ಟನ್ನು ನನ್ನೊಳಗೇ ಇಟ್ಟುಕೊಂಡೆ.

ಅವಳು ಬುಟ್ಟಿಯನ್ನು ಬೋರಲು ಹಾಕಿದಳು. ಮತ್ತೆ ನೆಟ್ಟಗೆ ಮಾಡಿದಳು. ಮರವಂತೆಯಲ್ಲಿ ಇಳಿದು ಎಸೆದದ್ದನ್ನು ಆಗ ಹೇಳಿದಳು. ಎಸೆದಾಗ ಅದು ಮುಳುಗದೆ ತೇಲಿತಂತೆ. ಅಲೆ ಎರಡು ಸಲ ಕಲ್ಲಿನ ಹತ್ತಿರ ತಂದಿತಂತೆ. ಇವಳು ಸತ್ತವರದ್ದೆಂದು ಹೆದರಿ ಬೆನ್ನು ಹಾಕಿ ಓಡಿದಳಂತೆ. ಕೂಗಾಡಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು.

“ಅಂದ್ ನೀವ್ ಹೌದ್ ಅಂದಿದ್ರೆ ಆ ವರ್ಷವೇ ಅತ್ತ್ ಮುಗ್ಸ್ತಿದ್ದೆ ಅಕ್ಕ,” ಎಂದಳು. “ಈಗ ಎಲ್ಲಿಂದ ಶುರು ಮಾಡುದ್?”

ಪಕ್ಕದ ಮನೆಯೇ ಮೈದುನನದು. ರತ್ನಾಗಿರಿ ಬಿಟ್ಟು ಬಂದು ಊರಲ್ಲೇ ಬಲೆ ಕೆಲಸ ಮಾಡಿಕೊಂಡಿದ್ದ. ನನ್ನ ಬಾಯಿಯಿಂದ ಆಗುವುದಿಲ್ಲ, ನೀವೇ ಹೇಳಿ ಎಂದು ಅವಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಮೊದಲಿನಿಂದ ಮತ್ತೆ ಎಲ್ಲವನ್ನೂ ಹೇಳಿದೆ. ಎರಡನೇ ಸಲ ಹೇಳುವಾಗ ನನ್ನ ತಪ್ಪು ಇನ್ನೂ ದೊಡ್ಡದಾಗಿ ಕೇಳಿಸಿತು. ಅವನು ಬಲೆಯ ಕಣ್ಣಿನಿಂದ ಸೂಜಿ ಎತ್ತಲಿಲ್ಲ.

“ಒಂದ್ಸಲ ಅಲ್ಲ ಅಂದ್ರಿ, ಈಗ ಹೌದ್ ಅಂತ್ರಿ,” ಎಂದ. “ಯಾವ್ದನ್ನ್ ನಂಬುದ್ ನಾವ್?”

ಅಟ್ಟದ ರಾಟೆಯನ್ನು ತಂದಿದ್ದೆ, ಅದನ್ನು ಚೀಲದಿಂದ ತೆಗೆದು ಅವನ ಮುಂದಿಟ್ಟೆ. ಅವನು ಬಲೆ ಬದಿಗೆ ಸರಿಸಿ ಅದನ್ನು ಕೈಗೆತ್ತಿಕೊಂಡ. ಬಿಲ್ಲೆಯ ಮೇಲೆ ಹೆಬ್ಬೆರಳಿಟ್ಟು ಒಂದು ಸುತ್ತು ತಿರುಗಿಸಿದ. ಅಣ್ಣ ಇಂಥದೇ ರಾಟೆ ಕೊಳ್ಳಲು ಕುಂದಾಪುರಕ್ಕೆ ಹೋದಾಗ ತಾನೂ ಜೊತೆಗಿದ್ದೆ ಎಂದ, ಯಾರಿಗೂ ಅಲ್ಲ ಎಂಬಂತೆ. ಕೊಟ್ಟಿಗೆಯ ಹಿರಿಯರ ಕೈಗೆ ಬಿಳಿ ಬಟ್ಟೆ ಸುತ್ತಿತ್ತು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿಕೊಟ್ಟರು, ಆ ಗಂಟು ನಿಲ್ಲದೆ ಅಣ್ಣ ಮನೆಗೆ ಬಂದು ಬಿಚ್ಚಿ ಮತ್ತೆ ಕಟ್ಟಿದ ಎಂದ. ಹೇಳುತ್ತಾ ಹೇಳುತ್ತಾ ಅವನ ದನಿ ಕೆಳಗೆ ಇಳಿಯಿತು. ಕೊನೆಗೆ ರಾಟೆಯನ್ನು ನೆಲಕ್ಕಿಡದೆ ಮಡಿಲಲ್ಲಿಟ್ಟುಕೊಂಡ. ಹೊಸ್ತಿಲಲ್ಲಿ ನಿಂತಿದ್ದ ಅವಳು ಅದನ್ನು ಕಂಡಳು. ಆಗ ಅವಳಿಗೆ ಅಳು ಬಂತು. ಹಿಂದೆಯೇ ಬಂದಿದ್ದ ಮಗಳು ನೀರಿನ ಚೊಂಬು ಹಿಡಿದುಕೊಂಡೇ ತಾಯಿಯ ಬೆನ್ನಿಗೆ ಆತು ನಿಂತಳು.

ಅವಳ ಅಳು ಇಳಿದ ಮೇಲೆ ಮೈದುನ ಸತ್ತ ದಿನವೆಂದು ಯಾವುದನ್ನು ಹಿಡಿಯುವುದು ಎಂಬ ಮಾತೆತ್ತಿದ. ಹೆಣ ಸಿಗದವರಿಗೆ ದರ್ಭೆಯಲ್ಲಿ ರೂಪ ಮಾಡಿ ಕ್ರಿಯೆ ಮುಗಿಸಬಹುದು, ಆದರೆ ವರ್ಷಾವರ್ಷ ಎಡೆ ಇಡಲು ಒಂದು ದಿನ ಬೇಕು. ದೋಣಿ ಹೋದ ದಿನವಂತೂ ಅಲ್ಲ, ಅಂದು ಅವನು ಬದುಕಿದ್ದ. ರಾಟೆ ದಡಕ್ಕೆ ಬಂದ ದಿನವನ್ನೇ ಹಿಡಿಯುವ ಎಂದಾಯಿತು. ಅದು ಯಾವ ದಿನವೆಂದು ಅವಳಿಗೆ ನೆನಪಿರಲಿಲ್ಲ. ಇಷ್ಟು ವರ್ಷ ಅವಳು ಆ ದಿನವನ್ನು ಮರೆಯಲಿಕ್ಕೇ ಪ್ರಯತ್ನಪಟ್ಟಿದ್ದಳು. ಸಿಕ್ಕಿದ ಮರುದಿನ ನಿಮ್ಮಲ್ಲಿಗೆ ಬಂದದ್ದು ಹೌದು ಎಂದಳು.

ನನಗೆ ನೆನಪಿತ್ತು. ಅವಳು ಬಂದದ್ದು ಕುಂದಾಪುರ ಸಂತೆಯ ದಿನ; ನಾನು ಸಂತೆಯಿಂದ ಬದನೆ, ಹರಿವೆ ತಂದು ಜಗಲಿಯಲ್ಲಿ ಹರಡಿದ್ದನ್ನು ಬದಿಗೆ ಸರಿಸಿಯೇ ಅವಳ ಗಂಟಿಗೆ ಜಾಗ ಮಾಡಿದ್ದೆ. ಚೌತಿ ಕಳೆದು ಮೂರನೆಯ ಶನಿವಾರ. ಹಾಗಾದರೆ ರಾಟೆ ಸಿಕ್ಕಿದ್ದು ಅದರ ಹಿಂದಿನ ದಿನ, ಶುಕ್ರವಾರ. ಭಟ್ಟರ ಹತ್ತಿರ ಆ ವರ್ಷದ ಪಂಚಾಂಗ ಇದ್ದರೆ ತಿಥಿ ಸಿಗುತ್ತದೆ ಎಂದೆ.

ಈ ಸಲ ಯಾರೂ ಖಂಡಿತವಾ ಎಂದು ಕೇಳಲಿಲ್ಲ. ಅವಳು ಕಣ್ಣೊರೆಸಿಕೊಂಡು, ಚೌತಿ ಕಳೆದು ಮೂರನೇ ವಾರದ ಶುಕ್ರವಾರ, ಎಂದು ಮಗಳಿಗೆ ಹೇಳಿದಳು. ಮಗಳು ತಿರುಗಿ ಅದನ್ನೇ ಹೇಳಿದಳು. ನಾನು ಎದ್ದೆ. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನುವ ಹಾಗಿಲ್ಲ. ಹೇಳದೆ ಅಂಗಳ ಇಳಿದೆ. ಅವರೂ ಬನ್ನಿ ಎನ್ನಲಿಲ್ಲ.